ಫೋನ್ ಇಡದೆ ಕಾದವರಿಗೆ

ಆ ದಿನ ಫೋನ್‌ನಲ್ಲಿ ನನ್ನ ಜೊತೆ ಮುಕ್ಕಾಲು ಗಂಟೆ ಇದ್ದ ಮೆಷಿನ್ ಸರ್ವೀಸ್ ಟೆಕ್ನಿಷಿಯನ್ ಅವರೇ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಕ್ಷಮಿಸಿ.

ನಮ್ಮದು ಚಿಕ್ಕ ಕ್ಲಿನಿಕ್. ರಕ್ತಕಣ ಎಣಿಸುವ ಮೆಷಿನ್, ಅಂದರೆ ಸೆಲ್ ಕೌಂಟರ್, ಇರುವುದು ಒಂದೇ. ಆರಾಮಾಗಿ ನಡೆದುಕೊಂಡು ಬಂದ ಒಬ್ಬ ಅಮ್ಮನಿಗೆ ಅದು ಪ್ಲೇಟ್‌ಲೆಟ್ 38,000 ಅಂತ ತೋರಿಸಿತು. ಇರಬೇಕಾದದ್ದು ಒಂದೂವರೆ ಲಕ್ಷಕ್ಕಿಂತ ಜಾಸ್ತಿ. ಮತ್ತೆ ಹಾಕಿದರೂ ಹೆಚ್ಚುಕಮ್ಮಿ ಅಷ್ಟೇ. ಅವರ ಮಗಳ ಮುಖ ನೋಡಿ ನನಗೆ ಕೈಕಾಲು ಆಡಲಿಲ್ಲ.

ನೀವು ಮೊದಲು ಕೇಳಿದ್ದು ಬ್ಯಾಕ್‌ಗ್ರೌಂಡ್ ಕೌಂಟ್, ಅಂದರೆ ರಕ್ತ ಹಾಕದೆ ಓಡಿಸಿದಾಗ ಬರುವ ಎಣಿಕೆ. ಸರಿ ಇತ್ತು. ಆಮೇಲೆ ಕಂಟ್ರೋಲ್, ಅಂದರೆ ಎಣಿಕೆ ಮೊದಲೇ ಗೊತ್ತಿರುವ ಸ್ಯಾಂಪಲ್, ಓಡಿಸಲು ಹೇಳಿದಿರಿ. ಫ್ರಿಜ್‌ನಿಂದ ತೆಗೆದ ತಕ್ಷಣ ಹಾಕಬೇಡಿ, ತಣ್ಣಗಿರುವುದು ಹೋಗುವವರೆಗೆ ಕಾಯಿರಿ ಅಂದಿರಿ. ನೀವೂ ಕಾದಿರಿ. ಅದೂ ಸರಿ ಬಂತು. "ಹಾಗಾದರೆ ಮೆಷಿನ್ ಚೆನ್ನಾಗಿದೆ, ಟ್ಯೂಬ್ ನೋಡೋಣ" ಅಂದಿರಿ. ಟ್ಯೂಬ್‌ನಲ್ಲಿ ಹೆಪ್ಪು ಇರಲಿಲ್ಲ. ಸ್ಲೈಡ್ ಮಾಡಿ ಮೈಕ್ರೋಸ್ಕೋಪ್ ಕೆಳಗೆ ಅಂಚು ನೋಡಿದರೆ ಪ್ಲೇಟ್‌ಲೆಟ್‌ಗಳು ಗುಂಪುಗುಂಪಾಗಿ ಅಂಟಿಕೊಂಡಿದ್ದವು! ಕೆಲವರ ರಕ್ತದಲ್ಲಿ, ಹೆಪ್ಪುಗಟ್ಟದಿರಲಿ ಅಂತ ಟ್ಯೂಬ್‌ನಲ್ಲಿ ಹಾಕಿರುವ ಇಡಿಟಿಎಯಿಂದಲೇ ಹೀಗಾಗುತ್ತದೆ, ಆ ಗುಂಪನ್ನು ಮೆಷಿನ್ ಪ್ಲೇಟ್‌ಲೆಟ್ ಅಂತ ಎಣಿಸುವುದಿಲ್ಲ ಎಂದು ಬಿಡಿಸಿ ಹೇಳಿದಿರಿ.

ಇಡಿಟಿಎ ಬದಲು ಸಿಟ್ರೇಟ್ ಇರುವ ನೀಲಿ ಮುಚ್ಚಳದ ಟ್ಯೂಬ್‌ನಲ್ಲಿ ಮತ್ತೆ ರಕ್ತ ತೆಗೆದೆ. 1,80,000 ಬಂತು. ಅದರಲ್ಲಿರುವ ದ್ರವದಿಂದ ರಕ್ತ ತೆಳುವಾಗುವುದರಿಂದ 1.1ರಿಂದ ಗುಣಿಸಿದೆವು: 1,98,000. ಡಾಕ್ಟರ್ ಸ್ಲೈಡ್ ನೋಡಿ ಒಪ್ಪಿದರು. ಆ ಮಗಳು ಅಲ್ಲೇ ಅತ್ತುಬಿಟ್ಟರು.

ನೀವು ಸುಮ್ನೆ "ಇಂಜಿನಿಯರ್ ಕಳಿಸುತ್ತೇವೆ" ಅಂದು ಫೋನ್ ಇಡಬಹುದಿತ್ತು. ಇಡಲಿಲ್ಲ. ಮನಸಾರೆ ಧನ್ಯವಾದ.