ಹರ್ನಿಯಾ ಆಪರೇಷನ್ ನಂತರದ ನೋವನ್ನು ಭ್ರಮೆ ಅನ್ನಬೇಡಿ

ಮಾನ್ಯರೇ,

ಹರ್ನಿಯಾ ಆಪರೇಷನ್ ಆದ ಮೇಲೆ ಒಂದೂವರೆ ವರ್ಷ ನಾನು ತೊಡೆಸಂದಿನ ನೋವಿನಲ್ಲೇ ಓಡಾಡಿದೆ. ಗಾಯ ಎಂದೋ ಮಾಗಿತ್ತು. ಆದರೂ ಬೈಕ್ ಹತ್ತುವಾಗ, ತೋಟದಲ್ಲಿ ಬಗ್ಗುವಾಗ, ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ.ಯ ಟೊಮೆಟೊ ಬಾಕ್ಸ್ ಎತ್ತುವಾಗ ಕರೆಂಟ್ ಹೊಡೆದ ಹಾಗೆ ಚುಳ್ ಅನ್ನುತ್ತಿತ್ತು. ಪ್ಯಾಂಟಿನ ಹೊಲಿಗೆ ತಾಗಿದರೂ ಉರಿ. ಆಪರೇಷನ್ ಮಾಡಿದ ಕಡೆ ಕೇಳಿದರೆ, ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ, ಸುಮ್ನೆ ಅದನ್ನೇ ಯೋಚನೆ ಮಾಡಬೇಡಿ ಎಂದು ಮಾತ್ರೆ ಬರೆದು ಕಳಿಸಿದರು. ನನಗೇ ನನ್ನ ಮೇಲೆ ಅನುಮಾನ ಶುರುವಾಗಿತ್ತು.

ಕೊನೆಗೆ ಬೆಂಗಳೂರಿನಲ್ಲಿ ನೋವಿನ ಚಿಕಿತ್ಸೆಯನ್ನೇ ಮಾಡುವ ಅರಿವಳಿಕೆ ಡಾಕ್ಟರೊಬ್ಬರು ಬೆರಳಿಂದ ಒತ್ತಿ, ಹತ್ತಿಯಿಂದ ಸವರಿ ನೋಡಿ, ಇದು ನರದ ನೋವು ಎಂದರು. ತೊಡೆಸಂದಿನಲ್ಲಿ ಇಲಿಯೊಇಂಗ್ವಿನಲ್, ಇಲಿಯೊಹೈಪೊಗ್ಯಾಸ್ಟ್ರಿಕ್, ಜೆನಿಟೊಫೆಮೊರಲ್ ಎಂಬ ಮೂರು ನರಗಳಿವೆ. ಕೊಯ್ಯುವಾಗ ಅವುಗಳಿಗೆ ಪೆಟ್ಟಾಗಬಹುದು, ಹೊಲಿಗೆಯಲ್ಲಿ ಸಿಕ್ಕಿಕೊಳ್ಳಬಹುದು, ಹರ್ನಿಯಾ ಮತ್ತೆ ಬಾರದಿರಲಿ ಎಂದು ಒಳಗಿಟ್ಟ ಜಾಲರಿಯ ಸುತ್ತ ಗಟ್ಟಿಯಾದ ಮಾಂಸಕ್ಕೆ ಅಂಟಿಕೊಳ್ಳಬಹುದು. ಅವರು ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ, ಸೊಂಟದ ಮೂಳೆಯ ಮುಂದಿನ ಮೊನೆಯ ಹತ್ತಿರ ಸೂಜಿ ಇಳಿಸಿ, ಮೊದಲೆರಡು ನರಗಳ ಪಕ್ಕಕ್ಕೆ ಮರಗಟ್ಟಿಸುವ ಔಷಧಿ ಮತ್ತು ಸ್ವಲ್ಪ ಸ್ಟೀರಾಯ್ಡ್ ಬಿಟ್ಟರು. ಇದೇ ನರ್ವ್ ಬ್ಲಾಕ್. ಅರ್ಧ ಗಂಟೆಯಲ್ಲಿ ನೋವು ಇಳಿಯಿತು. ಔಷಧಿ ಹಾಕಿದ ಕೂಡಲೇ ನೋವು ಇಳಿದರೆ ತಕರಾರು ಆ ನರದ್ದೇ ಎಂದು ಗೊತ್ತಾಗುತ್ತದೆ, ಅಂದರೆ ಇದು ಚಿಕಿತ್ಸೆಯೂ ಹೌದು, ಪರೀಕ್ಷೆಯೂ ಹೌದು. ಆ ದಿನ ನಾನು ಅತ್ತುಬಿಟ್ಟೆ.

ಇದು ಮಂತ್ರ ಏನಲ್ಲ. ಸಂಜೆವರೆಗೆ ತೊಡೆ ಜೋಮು ಹಿಡಿದಿತ್ತು, ಹೀಗಾಗಬಹುದು ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಮೂರು ವಾರಕ್ಕೆ ನೋವು ವಾಪಸ್ ಬಂತು, ಆದರೆ ಮೊದಲಿನಷ್ಟಲ್ಲ. ಇನ್ನೊಮ್ಮೆ ಹಾಕಿಸಿಕೊಂಡೆ. ಈಗ ಬಾಕ್ಸ್ ಎತ್ತುತ್ತೇನೆ. ಕೆಲವರಿಗೆ ಇದರಿಂದ ಗುಣ ಕಾಣುವುದೇ ಇಲ್ಲ, ಕೆಲವರಿಗೆ ಆ ನರವನ್ನೇ ಕತ್ತರಿಸುವ ಆಪರೇಷನ್ ಬೇಕಾಗುತ್ತದೆ. ಶುಗರ್ ಇರುವವರಿಗೆ ಸ್ಟೀರಾಯ್ಡ್‌ನಿಂದ ಕೆಲವು ದಿನ ಶುಗರ್ ಏರಬಹುದು, ಶುಗರ್ ಇದೆ ಎಂದು ಡಾಕ್ಟರಿಗೆ ಮೊದಲೇ ಹೇಳಿಬಿಡಬೇಕು.

ನನ್ನ ತಕರಾರು ಒಂದೇ. ಆಪರೇಷನ್‌ಗೆ ಮೊದಲು ಹೀಗೊಂದು ನೋವು ಉಳಿಯಬಹುದು ಎಂದು ಯಾರೂ ಹೇಳಲಿಲ್ಲ. ಇದೇನು ಅಪರೂಪದ್ದಲ್ಲ. ತೊಡೆಸಂದಿನ ಹರ್ನಿಯಾ ಬಗ್ಗೆ 2018ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ನೂರಕ್ಕೆ 10ರಿಂದ 12 ಜನರಿಗೆ ಗಮನಿಸಬೇಕಾದಷ್ಟು ನೋವು ಉಳಿಯುತ್ತದೆ ಎನ್ನುತ್ತದೆ. ಮೂರು ತಿಂಗಳು ದಾಟಿದರೂ ನೋವಿದ್ದರೆ ಅದನ್ನು ಕಾಯಿಲೆ ಎಂದೇ ನೋಡಬೇಕು, ಅಲ್ವಾ? ಜಿಲ್ಲಾ ಆಸ್ಪತ್ರೆಗಳಲ್ಲಿ ಅರಿವಳಿಕೆ ಡಾಕ್ಟರ್ ಇದ್ದಾರೆ, ಅಲ್ಟ್ರಾಸೌಂಡ್ ಯಂತ್ರ ಇದೆ. ಬೇಕಾದ ತರಬೇತಿ ಕೊಟ್ಟು ವಾರಕ್ಕೆ ಒಂದು ದಿನ ನೋವಿನ ಚಿಕಿತ್ಸೆಗೆ ಮೀಸಲಿಟ್ಟರೆ, ಕೂಲಿ ಬಿಟ್ಟು ಬೆಂಗಳೂರಿನವರೆಗೆ ಹೋಗುವುದು ತಪ್ಪುತ್ತದೆ.

ನನ್ನ ಕಥೆ ಕೇಳಿದ ಮೇಲೆ ಮಾರುಕಟ್ಟೆಯ ಹಮಾಲಿಯೊಬ್ಬರು ತಮಗೂ ಎರಡು ವರ್ಷದಿಂದ ಹೀಗೇ ಇದೆ ಎಂದರು, ಅಲ್ಲಿಯವರೆಗೆ ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲವಂತೆ. ಮುಂದಿನ ವಾರ ಅವರನ್ನು ನಾನೇ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತಿದ್ದೇನೆ.

– ಒಬ್ಬ ಟೊಮೆಟೊ ಬೆಳೆಗಾರ, ಕೋಲಾರ