ಡಿಡಿಪಿಐ ಸಾಹೇಬರೇ, ಒಂದು ದಿನ ಹೇಳದೆ ಬನ್ನಿ

ಮಾನ್ಯ ಉಪನಿರ್ದೇಶಕರಿಗೆ (ಡಿಡಿಪಿಐ),
ಶಾಲಾ ಶಿಕ್ಷಣ ಇಲಾಖೆ

ನಮಸ್ಕಾರ ಸಾರ್. ನಾನು ನಿಮ್ಮ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯ ಎಸ್‌ಡಿಎಂಸಿ ಸದಸ್ಯೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವಳು. ಮಗಳು ಅಲ್ಲೇ ಒಂಬತ್ತನೇ ಕ್ಲಾಸು. ಊರಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟು ಕೊಟ್ಟು ಸಾಕಾಯಿತು. ಅದಕ್ಕೇ ಈ ಸಲ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ಕಾಗದದ ಮೇಲೆ ನಮ್ಮದು ಬಹಳ ಮುಂದುವರಿದ ಶಾಲೆ. ಶಾಲೆಯ ವಿವರವೆಲ್ಲ ಸರ್ಕಾರಕ್ಕೆ ತುಂಬಿ ಕೊಡುವ ಯು-ಡೈಸ್ ಪ್ಲಸ್ ಫಾರಂ ತೆಗೆದು ನೋಡಿ. ಕಂಪ್ಯೂಟರ್ ಲ್ಯಾಬ್ ಇದೆ. ಸ್ಮಾರ್ಟ್ ಕ್ಲಾಸ್ ಇದೆ. ಇಂಟರ್ನೆಟ್ ಇದೆ. ಒಂದು ಲೆಕ್ಕಕ್ಕೆ ಎಲ್ಲವೂ ನಿಜ. ಲ್ಯಾಬ್ ಇದೆ, ಅದಕ್ಕೆ ಬೀಗವೂ ಇದೆ. ಯುಪಿಎಸ್ ಬ್ಯಾಟರಿ ಸತ್ತು ಯಾವ ಕಾಲವಾಯಿತೋ. ಕಂಪ್ಯೂಟರ್ ಕಲಿಸುತ್ತಿದ್ದ ಹುಡುಗ ಗುತ್ತಿಗೆ ಮುಗಿದ ಮೇಲೆ ಈ ಕಡೆ ತಲೆ ಹಾಕಲಿಲ್ಲ. ಇಂಟರ್ನೆಟ್ ಅಂದರೆ ಗಣಿತದ ಮೇಡಂ ಅವರ ಮೊಬೈಲ್ ಹಾಟ್‌ಸ್ಪಾಟ್. ರೀಚಾರ್ಜೂ ಅವರದೇ ದುಡ್ಡು.

ಹೋದ ಮಳೆಗಾಲದಲ್ಲಿ ಶಾಲೆ ಎಷ್ಟು ಡಿಜಿಟಲ್ ಆಗಿದೆ ಅಂತ ಪರಿಶೀಲಿಸಲು ಅಧಿಕಾರಿಗಳು ಬಂದರು. ಬರುವ ಮೊದಲೇ ಫೋನ್ ಬಂದಿತ್ತು ಅನ್ನಿ. ಹೆಡ್‌ಮಾಸ್ಟರ್ ರೂಮಿನಲ್ಲಿ ಬೆಡ್‌ಶೀಟ್ ಹೊದ್ದು ನಿಂತಿದ್ದ ಸ್ಮಾರ್ಟ್ ಬೋರ್ಡನ್ನು ಹತ್ತನೇ ಕ್ಲಾಸಿನ ಹುಡುಗರು ಎತ್ತಿಕೊಂಡು ಬಂದರು. ಆನ್ ಆಯಿತು. ಪಾಸ್‌ವರ್ಡ್ ಕೇಳಿತು. ಅದು ಗೊತ್ತಿದ್ದ ಮೇಷ್ಟ್ರು ವರ್ಗವಾಗಿ ಹೋಗಿದ್ದರು. ಬಂದವರು ಏನಂದರು ಗೊತ್ತಾ ಸಾರ್? "ಲೈಟ್ ಬಂತಲ್ಲ, ಸಾಕು ಬಿಡಿ." ವಿಜ್ಞಾನದ ಮೇಷ್ಟ್ರ ಕೈಗೆ ಕೋಲು ಕೊಟ್ಟು ಪಕ್ಕದಲ್ಲಿ ನಿಲ್ಲಿಸಿದರು. ಮಕ್ಕಳಿಗೆ ಉತ್ತರ ಹೇಳುವವರ ಹಾಗೆ ಕೈ ಎತ್ತಿ ಅಂದರು. ಪ್ರಶ್ನೆ ಯಾರೂ ಕೇಳಿರಲಿಲ್ಲ! ಜಿಪಿಎಸ್ ಕ್ಯಾಮೆರಾದಲ್ಲಿ ಫೋಟೊ ಹೊಡೆದರು. ಅಕ್ಷಾಂಶ, ರೇಖಾಂಶ ಸಮೇತ ಸುಳ್ಳು. ಚಿತ್ರಾನ್ನ, ಟೀ ಮುಗಿಸಿ ಹೊರಟರು. ಬೋರ್ಡು ಮತ್ತೆ ಬೆಡ್‌ಶೀಟ್ ಒಳಗೆ.

ಹೆಡ್‌ಮಾಸ್ಟರ್ ಮೇಲೆ ನನಗೆ ಸಿಟ್ಟಿಲ್ಲ. ಬೋರ್ಡು ಕಳುವಾದರೆ ಸ್ಟಾಕ್ ರಿಜಿಸ್ಟರ್ ಹಿಡಿದು ಅವರನ್ನೇ ಕೇಳುತ್ತೀರಿ. ಬಳಸದೆ ಇಟ್ಟರೆ ಯಾರೂ ಕೇಳುವುದಿಲ್ಲ. ಬೀಗ ಹಾಕದೆ ಇನ್ನೇನು ಮಾಡುತ್ತಾರೆ?

ಇನ್ನು ನನ್ನ ಮಗಳ ವಿಷಯ. ಪ್ರಾಜೆಕ್ಟ್‌ಗೆ ಪಿಪಿಟಿ ಮಾಡಿಕೊಂಡು ಬನ್ನಿ ಅಂದರಂತೆ. ಶಾಲೆಯ ಕಂಪ್ಯೂಟರ್ ಬೀಗದೊಳಗೆ. ನಾನು ಹೊಲಿಯಬೇಕಿದ್ದ ಬ್ಲೌಸ್ ಪಕ್ಕಕ್ಕಿಟ್ಟು, ಗಿರಾಕಿ ಹತ್ತಿರ ಬೈಸಿಕೊಂಡು, ಬಸ್ಸು ಹತ್ತಿಸಿ ಅವಳನ್ನು ಪೇಟೆಯ ಸೈಬರ್ ಸೆಂಟರ್‌ಗೆ ಕರೆದುಕೊಂಡು ಹೋದೆ. ಅಂಗಡಿಯವನು ತಾನೇ ಕೂತು ಟಕಟಕ ಅಂತ ಮಾಡಿ, ಕಲರ್ ಪ್ರಿಂಟ್ ತೆಗೆದು, ದುಡ್ಡು ತೆಗೆದುಕೊಂಡ. ಮಗಳು ಮೌಸ್ ಕೂಡ ಮುಟ್ಟಲಿಲ್ಲ. ಅವಳಿಗೆ ಒಳ್ಳೆ ಮಾರ್ಕ್ಸೇ ಬಂತು. ಮಗಳು ಕಂಪ್ಯೂಟರ್ ಕಲಿತಳು ಅಂತ ಇದನ್ನೂ ಎಲ್ಲೋ ಬರೆದುಕೊಂಡಿರುತ್ತಾರೆ, ಅಲ್ವಾ? ಪಠ್ಯಪುಸ್ತಕದಲ್ಲಿ ದೀಕ್ಷಾ ಕ್ಯೂಆರ್ ಕೋಡ್ ಇದೆ, ಸ್ಕ್ಯಾನ್ ಮಾಡಿದರೆ ಫೋನಿನಲ್ಲೇ ಪಾಠ ಬರುತ್ತದೆ. ಸ್ಕ್ಯಾನ್ ಮಾಡೋಣ ಅಂದರೆ ಮಕ್ಕಳು ಶಾಲೆಗೆ ಫೋನ್ ತರುವ ಹಾಗಿಲ್ಲ. ಮನೆಯಲ್ಲಿರುವ ಒಂದೇ ಫೋನಿಗೆ ಗಿರಾಕಿಗಳು ಅಳತೆ, ಡಿಸೈನು ಕಳಿಸುತ್ತಲೇ ಇರುತ್ತಾರೆ.

ನಿಯಮ ನಿಮಗೆ ನಾನು ಹೇಳಿಕೊಡಬೇಕಾ? ಸಮಗ್ರ ಶಿಕ್ಷಣ ಯೋಜನೆಯಲ್ಲಿ ಐಸಿಟಿ ಲ್ಯಾಬ್, ಅಂದರೆ ಕಂಪ್ಯೂಟರ್ ಲ್ಯಾಬ್, ಮಾಡಲು 6.40 ಲಕ್ಷ ರೂಪಾಯಿವರೆಗೆ, ಆಮೇಲೆ 5 ವರ್ಷ ನಡೆಸಲು ವರ್ಷಕ್ಕೆ 2.40 ಲಕ್ಷದವರೆಗೆ ಅನುದಾನಕ್ಕೆ ಅವಕಾಶ ಇದೆ. ನಡೆಸುವ ದುಡ್ಡು ನಮ್ಮ ಶಾಲೆಗೆ ಬಂತಾ, ಬಂದಿದ್ದರೆ ಎಲ್ಲಿ ಹೋಯಿತು? ಕರೆಂಟ್ ಬಿಲ್ಲಿನ ನೆಪವೂ ಈಗ ನಡೆಯುವುದಿಲ್ಲ. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಅಂತ 2023ರ ರಾಜ್ಯೋತ್ಸವದ ದಿನವೇ ಮುಖ್ಯಮಂತ್ರಿಗಳು ಹೇಳಿದ್ದಾರೆ. ಕೇಂದ್ರದವರು ಶಾಲಾ ಶಿಕ್ಷಣ ನೋಡಿ ಜಿಲ್ಲೆಗಳಿಗೆ ಕೊಡುವ ಗ್ರೇಡಿನಲ್ಲಿ 600 ಅಂಕಕ್ಕೆ 50 ಡಿಜಿಟಲ್ ಕಲಿಕೆಗೆ ಇದೆ. ನಮ್ಮ ಬೆಡ್‌ಶೀಟ್ ಬೋರ್ಡಿನಂಥವು ಅದರಲ್ಲಿ ಎಷ್ಟು ಅಂಕ ತಂದುಕೊಟ್ಟವೋ, ನಿಮಗೇ ಗೊತ್ತು.

ನಾನು ಹೊಸ ಬೋರ್ಡು ಕೇಳುತ್ತಿಲ್ಲ. ಇನ್ನೊಂದು ಉದ್ಘಾಟನೆಯಂತೂ ಬೇಡವೇ ಬೇಡ. ಹೇಳದೆ ಬನ್ನಿ, ಅಷ್ಟೇ. ಯಾವುದಾದರೂ ಒಂದು ಪೀರಿಯಡ್ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಹೋದ ವಾರ ಆ ಬೋರ್ಡಿನಲ್ಲಿ ಯಾವ ಪಾಠ ಆಯಿತು ಅಂತ ಮಕ್ಕಳನ್ನೇ ಕೇಳಿ. ಲ್ಯಾಬಿನ ಬೀಗ ತೆಗೆಸಿ, ಯಾರಾದರೂ ಒಂದು ಮಗುವಿಗೆ ತನ್ನ ಹೆಸರು ಕನ್ನಡದಲ್ಲಿ ಟೈಪ್ ಮಾಡು ಅನ್ನಿ. ಆಮೇಲೆ ಫಾರಂನಲ್ಲಿ ಏನು ಬರೆಯುತ್ತೀರೋ ಬರೆಯಿರಿ. ಆದರೆ ದಯವಿಟ್ಟು ಹೇಳದೆ ಬನ್ನಿ.

ಅರ್ಧವಾರ್ಷಿಕ ಪರೀಕ್ಷೆಗೆ ಮುಂಚೆ ಬಂದರೆ ಒಳ್ಳೆಯದು. ಶನಿವಾರ ಬೇಡ, ಅವತ್ತು ಅರ್ಧ ದಿನ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಎಸ್‌ಡಿಎಂಸಿ ಸದಸ್ಯೆ