ಮಾಸ್ತರಗೊಂದು ಪತ್ರ: 98 ಕಂಡ್ರ ಖುಷಿ ಪಡಬ್ಯಾಡ

ಲೇ ಮಾಸ್ತರ,

ಹಾವೇರಿಗೆ ಹೋಗಿ ಹದಿನೈದು ದಿನ ಆತು. ಮೆಸೇಜ್ ಹಾಕಿದ್ರ ಎರಡು ನೀಲಿ ಗೆರಿ ಬೀಳತಾವ, ಉತ್ತರ ಮಾತ್ರ ಬರಂಗಿಲ್ಲ. ಅದಕ್ಕ ಇದನ್ನ ಎಲ್ಲಾರ ಕಣ್ಣಿಗೂ ಬೀಳೂವಂಗ ಹಾಕಾಕತ್ತೀನಿ. ನಾಕು ಮಂದಿ ಓದಿದ್ರ ನಾಚಿಕಿಗಾದ್ರೂ ನೀ ಓದತೀ. ಓದೂ ಮಂದಿಗೆ ಒಂದ ಮಾತು: ಇಂವಾ ಇಷ್ಟು ವರ್ಷ ದೊಡ್ಡವರ ಐಸಿಯುದಾಗ ಬ್ರದರ್, ಅಂದ್ರ ಗಂಡು ನರ್ಸ್, ಆಗಿದ್ದಾಂವ, ಈಗ ಹಸುಗೂಸುಗಳ ಐಸಿಯುಗೆ ಹಾಕ್ಯಾರ. ಛತ್ರಿ ವಿಚಾರ ತಗಿಯಂಗಿಲ್ಲಪಾ, ಹೆದರಬ್ಯಾಡ.

ಹೋಗೂವಾಗ ಹೊಸೂರ ಬಸ್‌ಸ್ಟ್ಯಾಂಡಿನ್ಯಾಗ ಗಿರಮಿಟ್ ತಿನಕೋತ ಕೇಳಿದ್ದಿ, "ಒಂದು ಕಿಲೋ ಕೂಸಿನ್ನ ಹೆಂಗ ಹಿಡಿಯೂದೋ?" ಅಂತ. ಹಿಡಿಯೂದು ಆಮ್ಯಾಲ. ಮೊದಲ ನಿನ್ನ ಹಳೇ ಅಂದಾಜು ಎಲ್ಲಾ ಚಪ್ಪಲಿ ಕೂಡ ಬಾಗಲದ ಹೊರಗ ಬಿಡು.

1200 ಗ್ರಾಂ ಕೂಸು ಅಂತ ಹಿಡಿ. ಮೊದಲನೇ ದಿನ ಕಿಲೋಕ್ಕ 80 ಎಂಎಲ್ ನೀರು ಕೊಡ್ರಿ ಅಂತ ಬರದ್ರ, ದಿನಕ್ಕ 96 ಎಂಎಲ್, ತಾಸಿಗೆ 4. ನಿನ್ನ ಹಳೇ ವಾರ್ಡಿನ್ಯಾಗ 4 ಎಂಎಲ್ ಸೂಜಿ ಚುಚ್ಚೂವಾಗ ಚೆಲ್ಲಿ ಹೋಗತಿತ್ತು. ಇಲ್ಲಿ ಅದು ಒಂದು ತಾಸಿನ ಊಟ. ಸಿರಿಂಜ್ ಪಂಪಿನ ಮ್ಯಾಲ 4.0 ಅಂತ ಐತೋ 40 ಅಂತ ಐತೋ, ಬಾಯಿಂದ ಗಟ್ಟಿ ಓದು. ಕ್ಯಾನುಲಾ, ಅಂದ್ರ ನರದಾಗ ಚುಚ್ಚಿಟ್ಟ ಸಣ್ಣ ನಳಿಗಿ, ಹಾಕಿದ ಜಾಗಾ ತಾಸಿಗೊಮ್ಮೆ ನೋಡು. ಪಟ್ಟಿ ಸುತ್ತಿ ಮುಚ್ಚಿಟ್ರ ಬಾವು ಕಾಣಂಗಿಲ್ಲ, ನರಕ್ಕ ಕೊಡೂ ಕ್ಯಾಲ್ಸಿಯಂ ಹೊರಗ ಸೋರಿದ್ರ ಚರ್ಮ ಸುಟ್ಟಂಗ ಕಿತ್ತು ಬರತೈತಿ.

ಔಷಧ ಇನ್ನೂ ನಾಜೂಕು. ಜೆಂಟಾಮೈಸಿನ್ ಅನ್ನೋ ಆಂಟಿಬಯಾಟಿಕ್ ಕಿಲೋಕ್ಕ 5 ಮಿಲಿಗ್ರಾಂ ಅಂತ ಬರದಾರ ಅನ್ನು. ಇದೇ ಕೂಸಿಗೆ 6 ಮಿಲಿಗ್ರಾಂ. ದೊಡ್ಡವರ ಆಂಪ್ಯೂಲಿನ್ಯಾಗ 2 ಎಂಎಲ್‌ದಾಗ 80 ಮಿಲಿಗ್ರಾಂ ಇರತೈತಿ, ಅಂದ್ರ ನೀ ಎಳೀಬೇಕಾದ್ದು 0.15 ಎಂಎಲ್. ಪಾಯಿಂಟ್ ಒಂದು ಮನಿ ಸರಕೊಂಡು 1.5 ಆದ್ರ 60 ಮಿಲಿಗ್ರಾಂ ಹೋತು. ಕಿಡ್ನಿ, ಕಿವಿ, ಎರಡಕ್ಕೂ ಕುತ್ತು. ಅದಕ್ಕ 1 ಎಂಎಲ್ ಔಷಧಕ್ಕ 3 ಎಂಎಲ್ ಸಲೈನ್ ಕೂಡಸಿ ತಿಳಿ ಮಾಡಕೋ. ಆವಾಗ ಎಂಎಲ್‌ಗೆ 10 ಮಿಲಿಗ್ರಾಂ, ಕೊಡೂದು 0.6, ಕಣ್ಣಿಗೆ ಕಾಣೂವಷ್ಟು. ಲೆಕ್ಕಾ ಇಬ್ಬರು ಬ್ಯಾರೆ ಬ್ಯಾರೆ ಕುಂತು ಮಾಡಬೇಕು. "ಸರಿ ಐತಿಲ್ಲೋ?" ಅಂತ ನೀ ಕೇಳೂದು, "ಹೂಂ" ಅಂತ ಬಾಜೂಕಿನ ಸಿಸ್ಟರ್ ಗೋಣು ಹಾಕೂದು, ಅದು ಇಬ್ಬರ ಲೆಕ್ಕಾ ಅಲ್ಲ. ಒಬ್ಬರ ತಪ್ಪಿಗೆ ಇಬ್ಬರ ಸಹಿ.

ಇನ್ನ ವಾರ್ಮರ್, ಕೂಸಿನ್ನ ಬೆಚ್ಚಗ ಇಡೂ ಹೀಟರ್ ಮಂಚ. ಚರ್ಮಕ್ಕ ಅಂಟಸೂ ಪ್ರೋಬ್ ಐತೆಲ್ಲ, ಅದರ ಮಾತು ಕೇಳಿ ಹೀಟರ್ ನಡೀತೈತಿ. ಕೂಸು ಅಂಗಾತ ಮಲಗಿದ್ರ ಹೊಟ್ಟಿ ಬಲಗಡೆ, ಪಕ್ಕೆಲುಬಿನ ಕೆಳಗ, ಎಲುಬಿಲ್ಲದ ಕಡೆ ಅಂಟಸು, ಮ್ಯಾಲ ಬೆಳ್ಳಿ ಬಣ್ಣದ ಸ್ಟಿಕರ್ ಇರಲಿ. ಪ್ರೋಬ್ ಕಿತ್ತು ಹಾಸಿಗಿ ಮ್ಯಾಲ ಬಿತ್ತಂದ್ರ ಮಷೀನು "ಕೂಸು ತಣ್ಣಗಾತು" ಅಂತ ತಿಳದು ಬೆಂಕಿ ಸುರಿಯತೈತಿ. ಕೂಸಿನ ಮೈ ಕೆಳಗ ಸಿಕ್ಕೊಂತಂದ್ರ "ಭಾಳ ಬಿಸಿ" ಅಂತ ಹೀಟರ್ ಬಂದ್ ಮಾಡತೈತಿ, ಕೂಸು ತಣ್ಣಗಾಗತೈತಿ. ಎರಡರಾಗೂ ಸ್ಕ್ರೀನ್ ಮ್ಯಾಲ ನಂಬರು ಇದ್ದ ಇರತೈತಿ. ಅದಕ್ಕ ಕಂಕಳದಾಗ ಥರ್ಮಾಮೀಟರ್ ಇಟ್ಟು ತಾಳೆ ನೋಡಬೇಕು, 36.5 ರಿಂದ 37.5. ಅಂಗಾಲು ಮುಟ್ಟು, ಹೊಟ್ಟಿ ಮುಟ್ಟು. ಹೊಟ್ಟಿ ಬೆಚ್ಚಗ, ಕಾಲು ತಣ್ಣಗ ಇದ್ರ ಚಳಿ ಶುರುವಾಗೈತಿ ಅಂತ ಲೆಕ್ಕ. ಹಸುಗೂಸು ನಮ್ಮಂಗ ಗದಗದ ನಡಗಂಗಿಲ್ಲ. ಸುಮ್ಮನ ತನ್ನ ಕೊಬ್ಬು ಸುಡತೈತಿ, ಸಕ್ಕರಿ ಸುಡತೈತಿ, ಆಕ್ಸಿಜನ್ ಸುಡತೈತಿ. ಆಮ್ಯಾಲ ಗ್ಲೂಕೋಸ್ 45ಕ್ಕಿಂತ ಕೆಳಗ ಬಂದಾಗ ನಾವು ಓಡಾಡತೇವಿ.

ವಾರ್ಡಿನ ಗಾಳಿ 26 ರಿಂದ 28 ಡಿಗ್ರಿ ಇರಬೇಕು. ಎಪ್ರಿಲ್ ಬಿಸಲಾಗ ವಾರ್ಮರ್ ಪಕ್ಕ ನಿಂತು ಗೌನ್ ಹಾಕ್ಕೊಂಡು ಬೆವರೂವಾಗ ಯಾರೋ ಒಬ್ರು ಎಸಿ 20ಕ್ಕ ಇಳಸಿರತಾರ. ಬೆವರೂದು ನಾವು, ತಣ್ಣಗಾಗೂದು ಕೂಸು. ಈ ಸಾಲು ನೆನಪಿನ್ಯಾಗ ಇಟಗೋ, ಮುಂದ ಮತ್ತ ಬರತೈತಿ.

ಬಬಲ್ ಸಿಪ್ಯಾಪ್ ನಿನಗ ಹೊಸಾದು, ಮೂಗಿನಿಂದ ಒತ್ತಡದ ಗಾಳಿ ಕೊಟ್ಟು ಕೂಸಿನ ಉಸಿರಿಗೆ ಆಸರ ಆಗೂ ಸಾಧನ. ಬಾಟ್ಲಿಯೊಳಗ ಪೈಪು 5 ಸೆಂಟಿಮೀಟರ್ ನೀರಾಗ ಮುಳಗಿರತೈತಿ, ಗುಳುಗುಳು ಅನ್ನಬೇಕು. ಗುಳುಗುಳು ನಿಂತಿತಂದ್ರ ಎಲ್ಲೋ ಗಾಳಿ ಸೋರಾಕತ್ತೈತಿ: ಕೂಸು ಬಾಯಿ ತಗದೈತಿ, ಇಲ್ಲಾ ಮೂಗಿನ್ಯಾಗ ಇಡೂ ನಳಿಗಿ (ಪ್ರಾಂಗ್) ಸಣ್ಣದಾತು, ಇಲ್ಲಾ ಜಾಯಿಂಟ್ ಬಿಚ್ಚೈತಿ. ಪ್ರಾಂಗಿಗೂ ಮೂಗಿನ ನಡುಗೋಡಿಗೂ 2 ಮಿಲಿಮೀಟರ್ ಸಂದು ಇರಲಿ. ಒತ್ತಿದ್ರ ಮೊದಲು ಕೆಂಪಾಗತೈತಿ, ಆಮ್ಯಾಲ ಕರ್ರಗಾಗತೈತಿ, ಆಮ್ಯಾಲ ಮೂಗ ಉಳಿಯಂಗಿಲ್ಲ. ಪೈಪಿನ್ಯಾಗ ನಿಂತ ನೀರು ಆಗಾಗ ತಗಿ. ಹೊಟ್ಟಿ ಉಬ್ಬತೈತಿ, ಅದಕ್ಕ ಬಾಯಿಂದ ಹಾಕಿದ ನಳಿಗಿ ಮ್ಯಾಲಿನ ತುದಿ ತಗದಿಟ್ಟಿರು. ಹಾಲು ಕೊಡೂವಾಗ ಸಿರಿಂಜಿನ ದಂಡ ತಗದು ತಾನ ಇಳಿಯಾಕ ಬಿಡು, ಒತ್ತಬ್ಯಾಡ. ಒಳಲಿಯೊಳಗ ಕುಡಿಯೂ ಕಾಲ ಬಂದಾಗ ಆಯಿ ಮಂದಿ ಬಂದು ನಿನಗ ಕಲಸತಾರ, ಬಾಯಿ ಮುಚಗೊಂಡು ಕಲಿ.

ಈಗ ಆಕ್ಸಿಜನ್. ರಕ್ತದಾಗ ಆಕ್ಸಿಜನ್ ಎಷ್ಟು ಪರ್ಸೆಂಟ್ ಐತಿ ಅಂತ ಆಕ್ಸಿಮೀಟರ್ ತೋರಸತೈತೆಲ್ಲ, ನಿನ್ನ ಹಳೇ ವಾರ್ಡಿನ್ಯಾಗ ಅದು 98, 99 ಕಂಡ್ರ ಎದಿ ತಣ್ಣಗಾಗತಿತ್ತು. ಇಲ್ಲಿ ದಿನ ತುಂಬದ ಕೂಸು ಆಕ್ಸಿಜನ್ ಮ್ಯಾಲ ಇದ್ದಾಗ 98 ಕಂಡ್ರ ಅದು ತಪ್ಪು. ಬರೇ ಗಾಳಿಯೊಳಗ 98 ಇದ್ರ ಪೇಡಾ ಹಂಚು, ನಾವು ಕೊಟ್ಟು 98 ಮಾಡಿದ್ರ ಕೈ ಇಳಸು. 91 ರಿಂದ 95 ನಡುವ ಇರಬೇಕು. ಯಾಕಂದ್ರ ಕಣ್ಣಿನ ಪರದೆಯ ರಕ್ತನಾಳ ಹೊಟ್ಟಿಯೊಳಗ 16 ವಾರಕ್ಕ ಹಬ್ಬಾಕ ಶುರು ಮಾಡಿ ದಿನ ತುಂಬೂತನಕ ಹಬ್ಬತಾವ. ಅರ್ಧಕ್ಕ ಹುಟ್ಟಿದ ಕೂಸಿಗೆ ಹೆಚ್ಚಿನ ಆಕ್ಸಿಜನ್ ಸಿಕ್ರ ಬಳ್ಳಿ ಅಲ್ಲೇ ನಿಲ್ಲತೈತಿ. ಮುಂದ ಹಸದ ಪರದಿ ಬ್ಯಾರೆ ಹುಚ್ಚು ನಾಳ ಬೆಳಸಿ, ಅವು ಎಳದು ಪರದಿನ ಕಿತ್ತು ಬರಬಹುದು. 1942ರಾಗ ಅಮೆರಿಕದ ಟೆರಿ ಅನ್ನೋ ಡಾಕ್ಟರು ಈ ಕಣ್ಣಿನ ರೋಗ ಬರದಿಟ್ರು, ಆಕ್ಸಿಜನ್ ಮ್ಯಾಲ ಬೆರಳು ತೋರಿಸಿದ್ದು 1951ರಾಗ ಮೆಲ್ಬರ್ನಿನ ಕೇಟ್ ಕ್ಯಾಂಪ್‌ಬೆಲ್. ಅಷ್ಟರಾಗ ಸಾವಿರಾರು ಕೂಸು ಕುರುಡಾಗಿದ್ವು, ಅದೂ ಒಳ್ಳೆ ಒಳ್ಳೆ ದವಾಖಾನಿಯೊಳಗ. ಹಂಗಂತ ಹಿಂಡಿ ಕೊಟ್ರ ಅದೂ ನಡಿಯಂಗಿಲ್ಲ. 2010ರ ಸಪೋರ್ಟ್ ಅನ್ನೋ ಅಧ್ಯಯನದಾಗ 85 ರಿಂದ 89ರಾಗ ಇಟ್ಟ ಕೂಸುಗಳಿಗೆ ಕಣ್ಣಿನ ತ್ರಾಸು ಕಡಿಮಿ ಆತು, ಸಾವು ಹೆಚ್ಚಾದ್ವು. ಎರಡೂ ಕಡೆ ಬಾವಿ, ನಡುವ ಐದು ಅಂಕಿಯ ಹಾದಿ.

ಅದಕ್ಕ ಅಲಾರಂ ಹೊಡದಾಗ ಕೈ ಮಷೀನಿಗೆ ಹೋಗಬಾರದು, ಕಣ್ಣು ಕೂಸಿಗೆ ಹೋಗಬೇಕು. ಎದಿ ಏರಾಕತ್ತೈತೋ? ಬಣ್ಣ ಹೆಂಗೈತಿ? ಆಕ್ಸಿಮೀಟರ್ ತೋರಿಸೂ ನಾಡಿಗೂ ಎದಿ ಬಡಿತಕ್ಕೂ ತಾಳೆ ಆಗತೈತೋ? ಆಗಲಿಲ್ಲಂದ್ರ ಆಕ್ಸಿಮೀಟರಿನ ಪ್ರೋಬ್ ಜಾರಿರಬಹುದು, ಆ ನಂಬರು ನಂಬಬ್ಯಾಡ. ಉಸಿರು ನಿಂತಿದ್ರ ಅಂಗಾಲು ಮೆತ್ತಗ ತಿಕ್ಕು, ಕುತಗಿ ನೆಟ್ಟಗ ಮಾಡು. ಇಷ್ಟಾದ ಮ್ಯಾಲೂ ಏರಲಿಲ್ಲಂದ್ರ ಕೊಡೂ ಗಾಳಿಯಾಗಿನ ಆಕ್ಸಿಜನ್ 5 ಪರ್ಸೆಂಟ್ ಏರಸು. ಏರಸಿದಾಂವ ಅಲ್ಲೇ ನಿಲ್ಲಬೇಕು, ಇಳಸೂತನಕ ಮಂಚದ ಪಕ್ಕ ಬಿಡಬಾರದು. ಉಸಿರು ತಿರುಗಿದ ಕೂಡಲೇ ನಂಬರು ಜಿಗದು 97, 98ಕ್ಕ ಹೋಗತೈತಿ.

ಇಲ್ಲೇ ಐತಿ ನನ್ನ ಕಿರಿಕಿರಿ. ಆಕ್ಸಿಜನ್ ಏರಸೂ ಕೈ ಎಲ್ಲಾರಿಗೂ ಐತಿ, ಇಳಸೂ ಕೈ ಕಾಣಂಗಿಲ್ಲ. 86ಕ್ಕ ಅಲಾರಂ ಹೊಡದ್ರ ಡಾಕ್ಟರು ಬೈತಾರ, ಹೊರಗ ಕುಂತ ಅವ್ವ ಎದ್ದು ನಿಂದರತಾಳ. 97 ಇದ್ರ ಎಲ್ಲಾ ಗಪ್. ರಾತ್ರಿ ಮೂರಕ್ಕ ಆ ಗಪ್ ಅನ್ನೂದು ಎಷ್ಟು ರುಚಿ ಅಂತ ನಿನಗ ಹೇಳಬೇಕಾ? ಆಕ್ಸಿಜನ್ ಮ್ಯಾಲಿನ ಕೂಸಿಗೆ ಅಲಾರಂದ ಮ್ಯಾಲಿನ ಗೆರಿ 95ಕ್ಕ ಇರಬೇಕು. ನಾ ಅದನ್ನ 100ಕ್ಕ ಏರಿಸಿಟ್ಟೀನಿ. ಒಂದಲ್ಲ, ಎರಡಲ್ಲ. 100ಕ್ಕ ಇಟ್ರ ಅದು ಎಂದೂ ಹೊಡಿಯಂಗಿಲ್ಲ, ಗೊತ್ತಿದ್ದ ಇಟ್ಟೀನಿ. ಎಸಿ 20ಕ್ಕ ಇಳಸಿದಾಕಿಗೆ ಬೈಯೂ ನಾ.

34 ವಾರಕ್ಕ ಮೊದಲ ಹುಟ್ಟಿದ್ದು, ಇಲ್ಲಾ 2000 ಗ್ರಾಂಕಿಂತ ಕಡಿಮಿ ಇದ್ದದ್ದು, ಅವಕ್ಕೆಲ್ಲಾ ಹುಟ್ಟಿದ 30 ದಿನದೊಳಗ ಕಣ್ಣಿನ ತಪಾಸಣಿ ಆಗಬೇಕು, ತೀರಾ ಸಣ್ಣವಕ್ಕ ಎರಡು-ಮೂರು ವಾರಕ್ಕ. ಅಲ್ಲೀತನಕ ಚಾರ್ಟಿನ ಮ್ಯಾಲ ಎಷ್ಟೋ ಮಂದಿ ಸಹಿ ಬಿದ್ದಿರತಾವ. ಹೌದು, ರೋಗ ಆಕ್ಸಿಜನ್ ಒಂದರಿಂದ ಬರಂಗಿಲ್ಲ, ಕೂಸು ಎಷ್ಟು ಸಣ್ಣದು, ನಂಜು ಆಗೇತೋ ಇಲ್ಲೋ, ಎಲ್ಲಾ ಸೇರತೈತಿ. ಹಂಗಾಗಿ ಕಣ್ಣಿನ ಡಾಕ್ಟರು ಟಾರ್ಚು ಹಚ್ಚಿ ನೋಡಿ ಮಾರಿ ಸಣ್ಣ ಮಾಡಿದಾಗ, ಯಾರ ರಾತ್ರಿ ಪಾಳಿ ಅಂತ ಯಾರಿಗೂ ಗೊತ್ತಾಗಂಗಿಲ್ಲ. ನನಗೂ. ಆ ನಾಕು ವಾರದ ಅಂತರದಾಗ ನಾ ಆರಾಮ ನಿದ್ದಿ ಮಾಡೀನಿ, ಮಾಸ್ತರ.

ಇದನ್ನ ಬರಿಯಾಕ ಕುಂತಿದ್ದಿಲ್ಲ. ಪ್ರೋಬ್ ಅಂಟಸೂದು ಹೇಳಿ ಮುಗಸಾಂವಿದ್ದೆ.

ಇರಲಿ. ನನ್ನ ಕಿವಿಯ ಹಾಲತ್ ಕೇಳು. ಚಿಗರಿ ಬಸ್ಸಿನ ಬಾಗಲ ಪೀಂ ಪೀಂ ಅಂದ್ರ ಬೆರಳು ತಾನ ಮ್ಯಾಲ ಏಳತೈತಿ, ಸೈಲೆನ್ಸ್ ಬಟನ್ ಹುಡಕತೈತಿ. ಮನಿಯೊಳಗ ಕುಕ್ಕರ್ ಮೂರು ಸಲ ಕೂಗಿದ್ರೂ ಕೇಳಂಗಿಲ್ಲ, ನಾಕನೇದಕ್ಕ ನಮ್ಮಾಕಿ ಕೂಗತಾಳ, ಅದರ ಮ್ಯಾಲಿನ ಗೆರಿ ಏರಸೂ ಬಟನ್ ಇನ್ನೂ ಸಿಕ್ಕಿಲ್ಲ.

ಹಾಂ, ಕೂಸು ಹಿಡಿಯೂದು ಉಳೀತು. ಅದು ನಿನ್ನ ಕೆಲಸ ಅಲ್ಲೋ. ಅವ್ವನ ಎದಿ ಮ್ಯಾಲ, ಚರ್ಮಕ್ಕ ಚರ್ಮ, ಕಪ್ಪಿ ಕುಂತಂಗ ಕಾಲು ಮಡಚಿ, ಗೋಣು ಒಂದು ಬಾಜೂಕ, ತಲಿಗೆ ಕುಲಾಯಿ. ಇಟ್ರ ಕಡಿಮಿ ಅಂದ್ರೂ ಒಂದು ತಾಸು ಇಡಬೇಕು, ಎತ್ತಿ ಇಳಿಸಿ ಮಾಡೂದರಾಗ ಕೂಸು ದಣಿಯತೈತಿ. ಬ್ರದರ್ ಬಂದಾನಂತ ಬಾಣಂತಿ ಸೆರಗು ಎಳಕೊಂಡ್ರ ನೀ ಪರದೆ ಸರಿಸಿ ಸಿಸ್ಟರ್ನ ಕರಿ, ಹೊರಗ ನಿಂತು ಬಾಯಿಂದ ಹೇಳು. ನಿನಗ ಬಾಯಿ ಒಂದ ಚಲೋ ಐತಿ.

ಬರೂವಾಗ ಬ್ಯಾಡಗಿ ಮೆಣಸಿನಕಾಯಿ 0.5 ಕಿಲೋ ತಾ. ಪಾಯಿಂಟ್ ನೋಡಕೋ, ಇಬ್ಬರು ಬ್ಯಾರೆ ಬ್ಯಾರೆ ಲೆಕ್ಕಾ ಮಾಡ್ರಿ. ಛತ್ರಿನೂ ತಾ.

ನಿನ್ನ,
ಮೂರನೇ ಬೆಂಚಿನಾಂವ
ಉಣಕಲ್, ಹುಬ್ಬಳ್ಳಿ